ನಾರ್ಥಾಂಪ್ಟನ್‌ನ ಮನೆತನದ ಶೂ ಕಾರ್ಖಾನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಶೂ ಅಂದರೆ ಎಲ್ಲರೂ ನಾರ್ಥಾಂಪ್ಟನ್ ಅನ್ನುತ್ತಾರಲ್ಲ, ಆ ಊರಿಗೇ ಯಾಕೆ ಆ ಹೆಸರು?

ಚರ್ಮ ಹದ ಮಾಡಲು ಬೇಕಾದ ಮೂರೂ ಅಲ್ಲಿ ಒಟ್ಟಿಗೆ ಸಿಕ್ಕವು: ಸುತ್ತಲ ಹುಲ್ಲುಗಾವಲಿನ ದನ, ನೀನ್ ನದಿಯ ನೀರು, ಹತ್ತಿರದ ಕಾಡುಗಳ ಓಕ್ ತೊಗಟೆ. ಊರು ಇಂಗ್ಲೆಂಡಿನ ನಡುಮಧ್ಯೆ ಇದ್ದದ್ದರಿಂದ ಸೈನ್ಯಗಳು ಹಾದುಹೋಗುವ ದಾರಿಯೂ ಅದೇ ಆಯಿತು. 1642ರಲ್ಲಿ ಥಾಮಸ್ ಪೆಂಡಲ್‌ಟನ್ ಮತ್ತು ಇನ್ನೂ 12 ಮಂದಿ ಶೂಗಾರರು ಐರ್ಲೆಂಡಿಗೆ ಹೊರಟ ಸೈನ್ಯಕ್ಕೆ 4,000 ಜೊತೆ ಶೂ, 600 ಜೊತೆ ಬೂಟು ಹೊಲಿದುಕೊಡಲು ಒಪ್ಪಿಕೊಂಡರು. ಸರ್ಕಾರಿ ಗುತ್ತಿಗೆಯ ಹಣ ಕೈಸೇರಲು ವರ್ಷಗಟ್ಟಲೆ ಅಲೆಯಬೇಕಾದದ್ದು ಅವರಿಗೂ ತಪ್ಪಲಿಲ್ಲ. ಆದರೂ ಊರಿಗೆ ಆ ಕಸುಬು ಅಂಟಿಕೊಂಡಿತು. ಅಲ್ಲಿನ ಫುಟ್‌ಬಾಲ್ ತಂಡವನ್ನು ಇವತ್ತಿಗೂ ಕರೆಯುವುದು ‘ಕಾಬ್ಲರ್ಸ್’, ಅಂದರೆ ಶೂಗಾರರು, ಎಂದೇ.

ಈಗಲೂ ಮನೆತನದ ಕೈಯಲ್ಲಿರುವ ಕಾರ್ಖಾನೆಗಳು ಯಾವುವು?

ಹೆಸರು ಒಬ್ಬರದು, ಒಡೆತನ ಇನ್ನೊಬ್ಬರದು ಆಗಿರುವುದರಿಂದ ಇಲ್ಲಿ ಗೊಂದಲ ಜಾಸ್ತಿ.

ಕ್ರಾಕೆಟ್ ಅಂಡ್ ಜೋನ್ಸ್ 1879ರಲ್ಲಿ ನಾರ್ಥಾಂಪ್ಟನ್‌ನಲ್ಲಿ ಶುರುವಾಯಿತು. ಚಾರ್ಲ್ಸ್ ಜೋನ್ಸ್ ಮತ್ತು ಜೇಮ್ಸ್ ಕ್ರಾಕೆಟ್ ಭಾವ-ಮೈದುನರು. ಕಾರ್ಖಾನೆ ಇಂದಿಗೂ ಜೋನ್ಸ್ ಮನೆತನದ್ದು, ಪೆರ್ರಿ ಸ್ಟ್ರೀಟ್‌ನ ಕಟ್ಟಡದಲ್ಲಿದೆ. ಲೋಕ್ ಕಂಪನಿಯನ್ನು 1880ರಲ್ಲಿ ಪಕ್ಕದ ಕೆಟರಿಂಗ್ ಊರಿನಲ್ಲಿ ಥಾಮಸ್, ಜಾನ್, ವಿಲಿಯಂ ಎಂಬ ಮೂವರು ಅಣ್ಣತಮ್ಮಂದಿರು ಕಟ್ಟಿದರು. 1894ರಿಂದ ಅವರ ಕಾರ್ಖಾನೆ ವುಡ್ ಸ್ಟ್ರೀಟ್‌ನಲ್ಲಿದೆ. ಟ್ರಿಕರ್ಸ್ ಇವರೆಲ್ಲರಿಗಿಂತ ಹಳೆಯದು, 1829ರದು. ಹಳ್ಳಿಗಾಡಿನ ಕೆಸರಿಗೆಂದೇ ಹೊಲಿದ ದಪ್ಪ ಬೂಟುಗಳಿಗೆ ಹೆಸರುವಾಸಿ.

ತಮಾಷೆ ಇರುವುದು ಚರ್ಚ್ಸ್ ಮತ್ತು ಚೀನಿ ವಿಷಯದಲ್ಲಿ. ಚರ್ಚ್ಸ್ 1873ರ ಮನೆತನದ ಕಂಪನಿ. ಡೆಸ್‌ಬರೋದಲ್ಲಿ 1886ರಲ್ಲಿ ಹುಟ್ಟಿದ ಚೀನಿಯನ್ನು ಅದು 1966ರಲ್ಲಿ ಕೊಂಡಿತು. 1999ರಲ್ಲಿ ಇಟಲಿಯ ಪ್ರಾಡಾ ಬಂದು ಚರ್ಚ್ಸ್ ಅನ್ನೇ ಕೊಂಡಿತು. 2009ರಲ್ಲಿ ಚರ್ಚ್ ಮನೆತನದ ಇಬ್ಬರು ಚೀನಿಯನ್ನು ಬಿಡಿಸಿಕೊಂಡರು. ಹೀಗಾಗಿ ಚರ್ಚ್ ಹೆಸರಿನ ಶೂ ಚರ್ಚ್ ಮನೆಯದಲ್ಲ, ಚೀನಿ ಹೆಸರಿನ ಶೂ ಚರ್ಚ್ ಮನೆಯದು.

ಜಾನ್ ಲಾಬ್ ಕೂಡ ಎರಡು ದೋಣಿಯಲ್ಲಿದೆ. ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟ್‌ನಲ್ಲಿ ಕಾಲಿನ ಅಳತೆ ತೆಗೆದು ಹೊಲಿಯುವ ಅಂಗಡಿ ಮನೆತನದ್ದು. ನಾರ್ಥಾಂಪ್ಟನ್‌ನಲ್ಲಿ ಸಿದ್ಧ ಶೂ ತಯಾರಿಸುವ, ಅದೇ ಹೆಸರಿನ ಕಂಪನಿ ಫ್ರಾನ್ಸಿನ ಎರ್ಮೆಸ್‌ನದು.

ಇಷ್ಟೊಂದು ಮನೆತನಗಳು 1870–1890ರ ನಡುವೆಯೇ ಹುಟ್ಟಿಕೊಂಡದ್ದು ಹೇಗೆ?

‘ತಲತಲಾಂತರದ ಕೈಕಸುಬು’ ಎಂಬ ಜಾಹೀರಾತಿನ ಮಾತನ್ನು ಇಲ್ಲಿ ಸ್ವಲ್ಪ ಪಕ್ಕಕ್ಕಿಡಬೇಕು. ಈ ಕಾರ್ಖಾನೆಗಳು ಕೈಕಸುಬು ಮುಗಿಯುತ್ತಾ ಬಂದು, ಯಂತ್ರ ಕಾಲಿಟ್ಟಾಗ ಹುಟ್ಟಿದವು.

ಅದಕ್ಕೆ ಮೊದಲು ಶೂ ಹೊಲಿಗೆ ಮನೆಮನೆಯ ಕೆಲಸ. ವ್ಯಾಪಾರಿ ತೊಗಲು ಕತ್ತರಿಸಿ ಕೊಡುತ್ತಿದ್ದ, ಮೇಲ್ಭಾಗವನ್ನು ಹೆಂಗಸರು ಮಕ್ಕಳು ಹೊಲಿಯುತ್ತಿದ್ದರು, ಅಟ್ಟೆಯನ್ನು ಗಂಡಸರು ಕೂರಿಸುತ್ತಿದ್ದರು. 1857ರ ಹೊತ್ತಿಗೆ ಮೇಲ್ಭಾಗ ಹೊಲಿಯುವ ಯಂತ್ರ ಬಂತು. ಕೆಲಸಗಾರರು ಮುಷ್ಕರ ಹೂಡಿದರೂ ಯಂತ್ರ ಹಿಂದೆ ಹೋಗಲಿಲ್ಲ. ಆಮೇಲೆ ಅಮೆರಿಕದಿಂದ ಅಟ್ಟೆ ಹೊಲಿಯುವ ಬ್ಲೇಕ್ ಯಂತ್ರ, ಗುಡ್‌ಇಯರ್ ಯಂತ್ರ ಬಂದವು.

ಈ ಯಂತ್ರಗಳನ್ನು ಕೊಂಡುಕೊಳ್ಳುವಂತಿರಲಿಲ್ಲ, ಬಾಡಿಗೆಗೆ ತರಬೇಕಿತ್ತು. ಹೊಲಿದಷ್ಟು ಜೊತೆಗೆ ಇಷ್ಟು ಎಂದು ರಾಯಧನ. ಮುಂದೆ 1899ರಲ್ಲಿ ಲೆಸ್ಟರ್‌ನಲ್ಲಿ ಕಟ್ಟಿದ ಬ್ರಿಟಿಷ್ ಯುನೈಟೆಡ್ ಶೂ ಮೆಷಿನರಿ ಕಂಪನಿ ಈ ವ್ಯವಹಾರವನ್ನು ಬಹುಪಾಲು ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿತ್ತು. ದೊಡ್ಡ ಬಂಡವಾಳವಿಲ್ಲದ ಅಣ್ಣತಮ್ಮಂದಿರೂ ಕಾರ್ಖಾನೆ ತೆರೆಯುವಂತಾದದ್ದು ಈ ಬಾಡಿಗೆ ಪದ್ಧತಿಯಿಂದ. ಕ್ರಾಕೆಟ್ ಮತ್ತು ಜೋನ್ಸ್‌ಗೆ ಮೊದಲ ಗಂಟು ಸಿಕ್ಕಿದ್ದು ಸರ್ ಥಾಮಸ್ ವೈಟ್ ದತ್ತಿಯಿಂದ, ತಲಾ 100 ಪೌಂಡ್. ನಾರ್ಥಾಂಪ್ಟನ್, ಕವೆಂಟ್ರಿಗಳ ಒಳ್ಳೆಯ ನಡತೆಯ ಯುವಕರು ಸ್ವಂತ ವ್ಯಾಪಾರ ಹೂಡಲೆಂದೇ ಇದ್ದ ಹಣ ಅದು.

ಯಂತ್ರ ಎಲ್ಲರದೂ ಒಂದೇ ಆದ ಮೇಲೆ ಒಂದು ಮನೆಯ ಶೂಗೂ ಇನ್ನೊಂದು ಮನೆಯ ಶೂಗೂ ವ್ಯತ್ಯಾಸ ಉಳಿದದ್ದು ಮೂರರಲ್ಲಿ: ಕಾಲಚ್ಚು (ಶೂಗೆ ಆಕಾರ ಕೊಡುವ, ಪಾದದಾಕಾರದ ಅಚ್ಚು), ತೊಗಲಿನ ಆಯ್ಕೆ, ಕೊನೆಯ ಒಪ್ಪ. ಮನೆತನದ ಆಸ್ತಿ ಎಂದು ಹೇಳುವುದಾದರೆ ಗೋಡೆಯುದ್ದಕ್ಕೂ ಜೋಡಿಸಿಟ್ಟ ಆ ಕಾಲಚ್ಚುಗಳನ್ನೇ ಹೇಳಬೇಕು.

ಗುಡ್‌ಇಯರ್ ಅಂದರೆ ಟೈರ್ ಕಂಪನಿಯವರೇ?

ಅಲ್ಲ. ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್‌ನ ಮಗ, ಅಪ್ಪನ ಹೆಸರಿನವನೇ, ಈ ಹೊಲಿಗೆ ಯಂತ್ರವನ್ನು 1870ರ ಆಸುಪಾಸಿನಲ್ಲಿ ಬಳಕೆಗೆ ತಂದ. ಟೈರ್ ಕಂಪನಿ 1898ರದು, ಅಪ್ಪನ ಗೌರವಕ್ಕೆ ಹೆಸರಿಟ್ಟುಕೊಂಡದ್ದಷ್ಟೇ.

ಒಂದು ಜೊತೆ ಶೂ ತಯಾರಾಗುವುದು ಹೇಗೆ? ಅಷ್ಟು ವಾರ ಯಾಕೆ ಬೇಕು?

ಹಂತಗಳು 200ಕ್ಕೂ ಹೆಚ್ಚು, ಕಾರ್ಖಾನೆಗೆ ಹೊಕ್ಕ ತೊಗಲು ಡಬ್ಬಕ್ಕೆ ಸೇರಲು ಸುಮಾರು 8 ವಾರ. ಮುಖ್ಯವಾದವು ಇಷ್ಟು.

ಮೊದಲು ಕ್ಲಿಕಿಂಗ್, ಅಂದರೆ ಕತ್ತರಿಸುವುದು. ಕತ್ತಿ ತೊಗಲಿನಿಂದ ಮೇಲೇಳುವಾಗ ಆಗುವ ‘ಕ್ಲಿಕ್’ ಸದ್ದಿನಿಂದ ಬಂದ ಹೆಸರು. ಕಾರ್ಖಾನೆಯ ಲಾಭ-ನಷ್ಟ ಈ ಮೇಜಿನ ಮೇಲೇ ತೀರ್ಮಾನವಾಗುತ್ತದೆ. ಕರುವಿನ ತೊಗಲಿನಲ್ಲಿ ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಬೆರಳಿನ ಮೇಲೆ ಬರುವ ಮುಂಭಾಗವನ್ನು ಬೆನ್ನಿನಿಂದಲೇ ತೆಗೆಯಬೇಕು, ಒಳಗಿನ ನಾಲಿಗೆಗೆ ಹೊಟ್ಟೆಯ ಕಡೆಯದು ನಡೆಯುತ್ತದೆ. ತೊಗಲು ಹಿಗ್ಗುವ ದಿಕ್ಕು ನೋಡಿಕೊಂಡು, ಉದ್ದಕ್ಕೆ ಹಿಗ್ಗದಂತೆ ಇಟ್ಟು ಕತ್ತರಿಸಬೇಕು. ಎಡ-ಬಲ ಎರಡಕ್ಕೂ ಒಂದೇ ತೊಗಲಿನ ಅಕ್ಕಪಕ್ಕದ ತುಂಡು ಬೇಕು. ಮುಳ್ಳುತಂತಿಯ ಗೀರು, ಉಣ್ಣಿ ಕಚ್ಚಿದ ಕಲೆ, ನರದ ಗೆರೆ ಇವನ್ನೆಲ್ಲ ತಪ್ಪಿಸಿ ಆದಷ್ಟು ಕಡಿಮೆ ವ್ಯರ್ಥ ಮಾಡುವವನೇ ಒಳ್ಳೆಯ ಕ್ಲಿಕರ್.

ಆಮೇಲೆ ಕ್ಲೋಸಿಂಗ್. ಅಂಚುಗಳನ್ನು ತೆಳುವಾಗಿ ಕೆತ್ತಿ, ಮಡಚಿ, ಬ್ರೋಗ್ ಎಂಬ ಚಿತ್ತಾರದ ಶೂ ಆದರೆ ತೂತು ಹೊಡೆದು, ಅಸ್ತರಿನ ಜೊತೆ ಹೊಲಿಯುವುದು. ಅಂಚು ಕೆತ್ತದೆ ಹೊಲಿದರೆ ಹೊಲಿಗೆ ಉಬ್ಬಿ ಕಾಲಿಗೆ ಉಜ್ಜುತ್ತದೆ.

ಮೂರನೆಯದು ಕಾಲಚ್ಚಿಗೆ ಎಳೆಯುವುದು. ಹೊಲಿದ ಮೇಲ್ಭಾಗಕ್ಕೆ ಸ್ವಲ್ಪ ತೇವ ಕೊಟ್ಟು, ತುದಿಗೂ ಹಿಮ್ಮಡಿಗೂ ಗಟ್ಟಿ ಪದರ ಸೇರಿಸಿ, ಅಚ್ಚಿನ ಮೇಲೆ ಬಿಗಿಯಾಗಿ ಎಳೆದು ಮೊಳೆ ಅಥವಾ ಅಂಟಿನಿಂದ ನಿಲ್ಲಿಸುತ್ತಾರೆ. ಹಾಗೇ ದಿನಗಟ್ಟಲೆ ಬಿಡಬೇಕು. ವಾರಗಳು ಹಿಡಿಯುವುದು ಹೆಚ್ಚಾಗಿ ಈ ಕಾಯುವಿಕೆಯಿಂದ. ಬೇಗ ಅಚ್ಚು ಕಿತ್ತರೆ ತೊಗಲು ತನ್ನ ಹಳೆಯ ಆಕಾರ ನೆನೆದು ಸಡಿಲವಾಗುತ್ತದೆ, ಹತ್ತು ದಿನ ನಡೆದ ಮೇಲೆ ಬದಿಗಳು ಬಾಯಿ ಬಿಡುತ್ತವೆ.

ನಂತರ ವೆಲ್ಟ್, ಗುಡ್‌ಇಯರ್ ಯಂತ್ರದ ಹೊಲಿಗೆ ಇದೇ. ಒಳ ಅಟ್ಟೆಯ ಕೆಳಗಡೆ ಸುತ್ತಲೂ ಎದ್ದು ನಿಂತ ಒಂದು ಏಣು ಇರುತ್ತದೆ. ಆ ಏಣು, ಮೇಲ್ತೊಗಲು, ಅಸ್ತರು ಮತ್ತು ವೆಲ್ಟ್ ಎಂಬ ಉದ್ದನೆಯ ತೊಗಲಿನ ಪಟ್ಟಿ ಎಲ್ಲವನ್ನೂ ಬಾಗಿದ ಸೂಜಿ ಒಂದೇ ಸಲಕ್ಕೆ ಮೇಣದ ದಾರದ ಸರಪಣಿ ಹೊಲಿಗೆಯಲ್ಲಿ ಹಿಡಿಯುತ್ತದೆ. ಸಾಮಾನ್ಯ ಶೂನಲ್ಲಿ ಪಟ್ಟಿ ಹಿಮ್ಮಡಿಯಿಂದ ಹಿಮ್ಮಡಿಗೆ ಕುದುರೆ ಲಾಳದಂತೆ ಬರುತ್ತದೆ, ಹಳ್ಳಿಗಾಡಿನ ಬೂಟಿನಲ್ಲಿ ಪೂರ್ತಿ ಸುತ್ತುತ್ತದೆ. ಏಣಿನ ಒಳಗಿನ ತಗ್ಗಿಗೆ ಕಾರ್ಕ್ ಮುದ್ದೆ ತುಂಬುತ್ತಾರೆ, ಪಾದದ ಕಮಾನಿನ ಕೆಳಗೆ ಮರದ ಅಥವಾ ಉಕ್ಕಿನ ಪಟ್ಟಿ ಇಡುತ್ತಾರೆ. ಅದರ ಮೇಲೆ ಸುಮಾರು 5 ಮಿ.ಮೀ. ದಪ್ಪದ ಹೊರ ಅಟ್ಟೆ. ಅದನ್ನು ವೆಲ್ಟಿಗೆ ಮಾತ್ರ, ಇಂಚಿಗೆ 6ರಿಂದ 10 ಹೊಲಿಗೆಯಂತೆ ಹೊಲಿಯುತ್ತಾರೆ.

ಗುಟ್ಟು ಇರುವುದು ಇಲ್ಲಿ: ಹೊರ ಅಟ್ಟೆಯ ಹೊಲಿಗೆಗೂ ಮೇಲ್ತೊಗಲಿಗೂ ಸಂಬಂಧವೇ ಇಲ್ಲ. ಹೊರ ಅಟ್ಟೆ ಸವೆದರೆ ಆ ಒಂದು ಹೊಲಿಗೆ ಬಿಚ್ಚಿ ಹೊಸದು ಹಾಕಿದರಾಯಿತು, ಮೇಲ್ಭಾಗ ಅಲುಗುವುದಿಲ್ಲ.

ಹಿಮ್ಮಡಿಯ ಪದರಗಳನ್ನು ಕಟ್ಟುವುದು, ಅಂಚು ಹೆರೆಯುವುದು, ಮಸಿ ಹಚ್ಚಿ ಬಿಸಿ ಕಬ್ಬಿಣದಿಂದ ಮೇಣ ಉಜ್ಜುವುದು, ಕಡೆಗೆ ಪಾಲಿಶ್. ಇವು ನೋಡಲು ಚಂದ, ವಿವರಿಸಲು ಹೆಚ್ಚಿಲ್ಲ.

ಈ ಹೊಲಿಗೆ ಕೆಡುವುದೇ ಇಲ್ಲವೇ?

ಕೆಡುತ್ತದೆ. ಮುಖ್ಯ ದೌರ್ಬಲ್ಯ ಮೇಲೆ ಹೇಳಿದ ಏಣಿನದೇ. ಕೈಯಲ್ಲಿ ಹೊಲಿಯುವವರು ದಪ್ಪ ತೊಗಲಿನಲ್ಲೇ ಏಣು ಕೆತ್ತುತ್ತಾರೆ. ಕಾರ್ಖಾನೆಗಳಲ್ಲಿ ಬಹುತೇಕ ಕ್ಯಾನ್ವಾಸಿನ ಏಣನ್ನು ಅಂಟಿಸುತ್ತಾರೆ, ಇದಕ್ಕೆ ಜೆಮ್ಮಿಂಗ್ ಎಂದು ಹೆಸರು. ಶೂ ಮತ್ತೆ ಮತ್ತೆ ನೆನೆದು ಒಣಗಿದರೆ ಆ ಅಂಟು ಬಿಡುತ್ತದೆ. ಹೊಲಿಗೆ ಗಟ್ಟಿಯಾಗಿಯೇ ಇದ್ದು, ಅದು ಹಿಡಿದುಕೊಂಡ ಏಣೇ ಎದ್ದು ಬಂದರೆ ಏನು ಪ್ರಯೋಜನ? ಅಟ್ಟೆ ಬದಲಿಸಲು ಬಿಚ್ಚಿದಾಗ ಒಳ್ಳೆಯ ರಿಪೇರಿಯವರು ಮೊದಲು ನೋಡುವುದೇ ಇದನ್ನು. ಸಣ್ಣದಾಗಿ ಎದ್ದಿದ್ದರೆ ಮತ್ತೆ ಅಂಟಿಸಬಹುದು.

ಹೊಸ ಶೂ ಕಿರುಗುಟ್ಟಿದರೆ ಸಾಮಾನ್ಯವಾಗಿ ಕಮಾನಿನ ಪಟ್ಟಿ ಸಡಿಲವಾಗಿರುತ್ತದೆ, ಇಲ್ಲವೇ ಎರಡು ಒಣ ತೊಗಲಿನ ಪದರಗಳು ಒಂದಕ್ಕೊಂದು ಉಜ್ಜುತ್ತಿರುತ್ತವೆ. ಒಂದು ಕಾಲಿನ ಶೂ ಮಾತ್ರ ವಿಪರೀತ ಸುಕ್ಕುಗಟ್ಟಿದರೆ ಕ್ಲಿಕರ್ ಹೊಟ್ಟೆಯ ತೊಗಲು ಬಳಸಿರಬಹುದು. ಮುಂಗಾಲಿನ ಕೆಳಗೆ ತಗ್ಗು ಬಿದ್ದರೆ ಗಾಬರಿ ಬೇಡ, ಅದು ಕಾರ್ಕ್ ನಿಮ್ಮ ಪಾದದ ಆಕಾರಕ್ಕೆ ಕೂರುತ್ತಿರುವುದು. ಗಂಟು ಗಂಟಾಗಿ ಚುಚ್ಚಿದರೆ ಮಾತ್ರ ದೋಷ.

ಬ್ಲೇಕ್ ಹೊಲಿಗೆಗೂ ಇದಕ್ಕೂ ಏನು ವ್ಯತ್ಯಾಸ?

ಬ್ಲೇಕ್‌ನಲ್ಲಿ ವೆಲ್ಟ್ ಇಲ್ಲ, ಒಳಗಿನಿಂದಲೇ ಹೊರ ಅಟ್ಟೆಗೆ ನೇರ ಹೊಲಿಗೆ. ಹಗುರ, ಬೇಗ ಬಾಗುತ್ತದೆ, ಅಂಚು ತೆಳು. ಆದರೆ ದಾರದ ತೂತು ನೇರ ಕಾಲಿನ ಕೆಳಗೇ ಬರುವುದರಿಂದ ನೀರು ಮೇಲೇರುತ್ತದೆ. ಅಂಟಿಸಿದ ಶೂಗಳ ಮಾತು ಬೇರೆ, ಅಟ್ಟೆ ಹೋದರೆ ಶೂ ಹೋಯಿತು ಅಂದುಕೊಳ್ಳುವುದೇ ಒಳ್ಳೆಯದು.

ಸೈಜು ಹೇಗೆ ಲೆಕ್ಕ? ಇಲ್ಲಿನ 8 ಮತ್ತು ಅಲ್ಲಿನ 8 ಒಂದೇಯಾ?

ಬ್ರಿಟಿಷ್ ಲೆಕ್ಕದಲ್ಲಿ ಒಂದು ಸೈಜು ಅಂದರೆ ಒಂದು ಬಾರ್ಲಿ ಕಾಳಿನ ಉದ್ದ, ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಕಾಲಚ್ಚಿನ ಉದ್ದವನ್ನು ಇಂಚಿನಲ್ಲಿ ತೆಗೆದು 3ರಿಂದ ಗುಣಿಸಿ 25 ಕಳೆದರೆ ದೊಡ್ಡವರ ಸೈಜು ಸಿಗುತ್ತದೆ. 11 ಇಂಚಿನ ಅಚ್ಚು 8ನೇ ಸೈಜು. ಇದು ಅಚ್ಚಿನ ಉದ್ದ, ಪಾದದ ಉದ್ದ ಅಲ್ಲ. ಬೆರಳ ಮುಂದೆ ಜಾಗ ಬಿಟ್ಟೇ ಅಚ್ಚು ಮಾಡಿರುತ್ತಾರೆ. ಭಾರತದಲ್ಲಿ ನಡೆಯುವುದೂ ಇದೇ ಲೆಕ್ಕ, ಹಾಗಾಗಿ ಅಂಕಿ ಹೊಂದುತ್ತದೆ.

ಹೊಂದದೆ ಇರುವುದು ಅಗಲ. ಕ್ರಾಕೆಟ್ ಅಂಡ್ ಜೋನ್ಸ್‌ನಲ್ಲಿ ಸಾಮಾನ್ಯ ಅಗಲ ಇ, ಲೋಕ್‌ನಲ್ಲಿ ಎಫ್, ಟ್ರಿಕರ್ಸ್‌ನಲ್ಲಿ ಅಕ್ಷರದ ಬದಲು 5 ಎಂಬ ಅಂಕಿ. ಒಂದು ಮನೆಯ ಎಫ್ ಇನ್ನೊಂದು ಮನೆಯ ಎಫ್‌ಗೆ ಸಮ ಎಂದುಕೊಳ್ಳಬೇಡಿ. ಚಪ್ಪಲಿ ಹಾಕಿ ಬೆಳೆದ ಕಾಲು ಬೆರಳ ಕಡೆ ಹರಡಿಕೊಂಡಿರುವುದು ಸಾಮಾನ್ಯ. ಅಂಥವರು ಅಗಲ ಸಾಲದೆ ಒಂದು ಸೈಜು ಉದ್ದ ಕೊಂಡರೆ ಶೂ ಬಾಗುವ ಜಾಗ ಪಾದ ಬಾಗುವ ಜಾಗಕ್ಕೆ ಕೂರುವುದಿಲ್ಲ, ಹಿಮ್ಮಡಿ ಜಾರುತ್ತದೆ. ಅದೇ ಸೈಜಿನಲ್ಲಿ ಹೆಚ್ಚಿನ ಅಗಲ ಕೇಳಿ. ಅಳತೆ ಸಂಜೆ ಕೊಡಿ, ಕಾಲು ಆಗ ತುಸು ಊದಿರುತ್ತದೆ.

ಹಳೆಯ ಜೊತೆಯ ಒಳಗೆ ಕೈಬರಹದ ಅಂಕಿಗಳಿವೆ, ಏನವು?

ಸೈಜು, ಅಗಲ, ಕಾಲಚ್ಚಿನ ಸಂಖ್ಯೆ, ಆರ್ಡರಿನ ಸಂಖ್ಯೆ. ನಾಲ್ಕರಲ್ಲಿ ಬೆಲೆಯುಳ್ಳದ್ದು ಅಚ್ಚಿನ ಸಂಖ್ಯೆ. ಅದು ಗೊತ್ತಿದ್ದರೆ ಮುಂದಿನ ಜೊತೆಯನ್ನು ಹಾಕಿನೋಡದೆಯೂ ತರಿಸಬಹುದು. ಪಾಲಿಶ್ ಒಳಗೆ ಇಳಿದು ಅಳಿಸಿಹೋಗುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಈ ಶೂಗಳಿಗೂ ನಮ್ಮ ಕಡೆಗೂ ಏನಾದರೂ ನಂಟಿದೆಯೇ?

ಇದೆ, ತೊಗಲಿನ ಮೂಲಕ. ಮದ್ರಾಸ್ ಪ್ರಾಂತ್ಯದಿಂದ ‘ಈಸ್ಟ್ ಇಂಡಿಯಾ ಕಿಪ್ಸ್’ ಎಂಬ ಹೆಸರಿನಲ್ಲಿ ಅರೆಹದ ಮಾಡಿದ ದನದ ತೊಗಲು ಬ್ರಿಟನ್ನಿಗೆ ರಾಶಿ ರಾಶಿ ಹೋಗುತ್ತಿತ್ತು. ಅದನ್ನು ಹದ ಮಾಡುತ್ತಿದ್ದದ್ದು ತಂಗಡಿ ತೊಗಟೆಯಿಂದ, ಕಡೆಗೆ ಅಳಲೆಕಾಯಿಯ ನೀರಿನಿಂದ. ತಂಗಡಿ ಅಂದರೆ ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ಆವರಿಕೆ ಗಿಡವೇ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಈ ತೊಗಲು ಎಷ್ಟು ಬೇಕಾಯಿತೆಂದರೆ ಸರ್ಕಾರವೇ ಅದರ ರಫ್ತನ್ನು ಕೈಗೆ ತೆಗೆದುಕೊಂಡಿತು. ಆ ಯುದ್ಧಕ್ಕೆ ಬ್ರಿಟನ್ ಹೊಲಿಸಿದ ಸುಮಾರು 7 ಕೋಟಿ ಜೊತೆಗಳಲ್ಲಿ 5 ಕೋಟಿಯಷ್ಟು ನಾರ್ಥಾಂಪ್ಟನ್‌ಶೈರ್ ಜಿಲ್ಲೆ ಒಂದರದೇ.

ಇನ್ನೊಂದು ನಂಟು ರಾಜಕೀಯದ್ದು. ನಾರ್ಥಾಂಪ್ಟನ್‌ನ ಶೂ ಕೆಲಸಗಾರರು ಬಗ್ಗುವ ಜನ ಅಲ್ಲ. ನಾಸ್ತಿಕನೆಂದು ಸಂಸತ್ತು ಒಳಗೇ ಬಿಟ್ಟುಕೊಳ್ಳದ ಚಾರ್ಲ್ಸ್ ಬ್ರಾಡ್‌ಲಾ ಅವರನ್ನು 1880ರಿಂದ ಮತ್ತೆ ಮತ್ತೆ ಆರಿಸಿ ಕಳಿಸಿದವರು ಅವರೇ. 1886ರಲ್ಲಿ ಕೊನೆಗೂ ಕುರ್ಚಿ ಸಿಕ್ಕಿತು. ಭಾರತದ ಪರವಾಗಿ ಅಲ್ಲಿ ದನಿ ಎತ್ತಿದ ಬ್ರಾಡ್‌ಲಾ 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು.

ಮಾಲೀಕರ ಮನೆತನ ಸರಿ, ಕೆಲಸಗಾರರ ಪಾಡೇನು?

ಮನೆತನದ ಚರಿತ್ರೆಗಳಲ್ಲಿ ಇದು ಅಡಿಟಿಪ್ಪಣಿಗೂ ಬರುವುದು ಕಡಿಮೆ. ಮನೆಗೆಲಸ ನಿಂತು ಎಲ್ಲರೂ ಕಾರ್ಖಾನೆಗೆ ಬಂದಾಗ ಯಂತ್ರದ ವೇಗ ಯಾರು ತೀರ್ಮಾನಿಸಬೇಕು ಎಂಬ ಜಗಳ ಎದ್ದು, 1895ರ ವಸಂತದಲ್ಲಿ ಮಾಲೀಕರು ದೇಶದಾದ್ಯಂತ ಕಾರ್ಖಾನೆಗಳಿಗೆ ಬೀಗ ಹಾಕಿದರು. 1905ರಲ್ಲಿ ರಾಂಡ್ಸ್ ಊರಿನ ಸೈನಿಕ ಬೂಟು ಹೊಲಿಯುವ 115 ಮಂದಿ, ಜೇಮ್ಸ್ ಗ್ರಿಬಲ್ ಮುಂದಾಳತ್ವದಲ್ಲಿ, ಸರಿಯಾದ ಕೂಲಿ ಕೇಳಲು ಲಂಡನ್ನಿನ ಯುದ್ಧ ಕಚೇರಿಗೆ ನಡೆದೇ ಹೋದರು.

ಕ್ಲಾರ್ಕ್ಸ್, ಬಾಟಾ ಇವೂ ಬ್ರಿಟಿಷ್ ಮನೆತನದವೇ?

ಬಾಟಾ ಅಲ್ಲ, ಅದು 1894ರಲ್ಲಿ ಝ್ಲೀನ್ ಊರಿನಲ್ಲಿ ಹುಟ್ಟಿದ ಚೆಕ್ ಮನೆತನದ್ದು. ಕ್ಲಾರ್ಕ್ಸ್ ಹೌದು. ಸಾಮರ್‌ಸೆಟ್‌ನ ಸ್ಟ್ರೀಟ್ ಎಂಬ ಊರಿನಲ್ಲಿ 1825ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಸೈರಸ್ ಕ್ಲಾರ್ಕ್ ಕುರಿತೊಗಲಿನ ಕಂಬಳಿಗಳಿಂದ ಶುರುಮಾಡಿದರು, ತಮ್ಮ ಜೇಮ್ಸ್ ಉಳಿದ ತುಂಡುಗಳಿಂದ ಚಪ್ಪಲಿ ಹೊಲಿದರು. ಮನೆಮಗ ನೇಥನ್ ಕ್ಲಾರ್ಕ್ ಯುದ್ಧಕಾಲದಲ್ಲಿ ಬರ್ಮಾದಲ್ಲಿದ್ದಾಗ, ಅಧಿಕಾರಿಗಳು ಕೈರೋ ಪೇಟೆಯಲ್ಲಿ ಹೊಲಿಸಿಕೊಂಡಿದ್ದ ಮೆತ್ತನೆಯ ಬೂಟು ನೋಡಿ ರೂಪಿಸಿದ್ದೇ 1950ರ ಡೆಸರ್ಟ್ ಬೂಟ್. 1993ರಲ್ಲಿ ಕಂಪನಿ ಮಾರಬೇಕೇ ಎಂದು ಪಾಲುದಾರರು ಮತ ಹಾಕಿದಾಗ ‘ಬೇಡ’ ಎಂಬುದು ಸ್ವಲ್ಪದರಲ್ಲೇ ಗೆದ್ದಿತು. ಮುಂದೆ ಹೊಲಿಗೆ ಇಂಗ್ಲೆಂಡ್ ಬಿಟ್ಟುಹೋಯಿತು, 2021ರಲ್ಲಿ ಬಹುಪಾಲು ಒಡೆತನವೂ ಹೋಯಿತು.

ಹಾಗಾದರೆ ನಾರ್ಥಾಂಪ್ಟನ್‌ನವರು ಉಳಿದದ್ದು ಹೇಗೆ?

ಉಳಿದವರು ಕೈಬೆರಳೆಣಿಕೆ. ರಶ್ಡನ್ ಊರಿನ ಆಲ್ಫ್ರೆಡ್ ಸಾರ್ಜೆಂಟ್ 1899ರಿಂದ ನಡೆದು 2021ರಲ್ಲಿ ಮುಚ್ಚಿತು. ಅಗ್ಗದ ಶೂ ಹೊರಗಿನಿಂದ ಬಂದಾಗ ಮಧ್ಯಮ ಬೆಲೆಯಲ್ಲಿ ಪೈಪೋಟಿಗಿಳಿದವರು ಸೋತರು. ಬೆಲೆ ಏರಿಸಿ, ಸಂಖ್ಯೆ ಇಳಿಸಿ, ಜಪಾನ್, ಇಟಲಿ, ಅಮೆರಿಕಗಳಿಗೆ ಕಳಿಸಿದವರು ನಿಂತರು. ಕಾರ್ಖಾನೆಯ ಕಟ್ಟಡ ಸ್ವಂತದ್ದಾಗಿದ್ದು, ಲಾಭವನ್ನು ಮೂರು ತಿಂಗಳಿಗೊಮ್ಮೆ ಹೊರಗಿನವರಿಗೆ ಒಪ್ಪಿಸಬೇಕಿಲ್ಲದ್ದೂ ನೆರವಾಯಿತು. ಮನೆತನದ ಒಡೆತನದಿಂದ ನಿಜವಾಗಿ ಆದ ಉಪಯೋಗ ಇದೇ ಎಂಬುದು ನಮ್ಮ ಅಭಿಪ್ರಾಯ.

‘ಮೇಡ್ ಇನ್ ಇಂಗ್ಲೆಂಡ್’ ಎಂದಿಲ್ಲದಿದ್ದರೆ ನಕಲಿಯೇ?

ನಕಲಿ ಅಲ್ಲ. ಉದಾಹರಣೆಗೆ ಲೋಕ್‌ನ ‘1880’ ಎಂಬ ಹೆಸರಿನ ಸಾಲು ಕೆಟರಿಂಗ್‌ನಲ್ಲಿ ತಯಾರಾಗುತ್ತದೆ, ಕೆಲವು ಕಡಿಮೆ ಬೆಲೆಯ ಸಾಲುಗಳು ಭಾರತದಲ್ಲಿ. ಕಂಪನಿ ಇದನ್ನು ಮುಚ್ಚಿಡುವುದಿಲ್ಲ. ಕೊಳ್ಳುವಾಗ ದೇಶದ ಹೆಸರಿಗಿಂತ ಮೊದಲು ಕೇಳಬೇಕಾದ್ದು ಎರಡು: ವೆಲ್ಟ್ ಹೊಲಿಗೆ ನಿಜವಾದದ್ದೋ, ಅಂಟಿಸಿದ ಅಟ್ಟೆಯ ಮೇಲೆ ಹೊಲಿಗೆಯ ಚಿತ್ರವೋ? ಕಾರ್ಖಾನೆ ಅದೇ ಅಚ್ಚಿನ ಮೇಲೆ ಮರು ಅಟ್ಟೆ ಹಾಕಿಕೊಡುತ್ತದೆಯೋ ಇಲ್ಲವೋ?

ಅಟ್ಟೆ ಎಷ್ಟು ಸಲ ಬದಲಿಸಬಹುದು? ಬೆಂಗಳೂರಿನಲ್ಲೇ ಮಾಡಿಸಬಹುದೇ?

ಮೇಲ್ತೊಗಲು ಬಿರಿಯದಿದ್ದರೆ ಎರಡು ಮೂರು ಸಲ ಧಾರಾಳ. ಕಾರ್ಖಾನೆಗೆ ಕಳಿಸಿದರೆ ಹಳೆಯ ವೆಲ್ಟ್, ಕಾರ್ಕ್ ತೆಗೆದು, ಮೂಲ ಅಚ್ಚಿಗೆ ಹಾಕಿ ಹೊಸದಾಗಿ ಹೊಲಿಯುತ್ತಾರೆ. ಮುಂಗಾಲಿನ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗಾದರೆ ಕಾಲ ಬಂತು. ತೂತು ಬೀಳುವವರೆಗೆ ಕಾದರೆ ಕಾರ್ಕ್ ನೆನೆದು ಒಳ ಅಟ್ಟೆಯೂ ಹಾಳಾಗುತ್ತದೆ.

ಇಲ್ಲೇ ಮಾಡಿಸುವುದಾದರೆ ರಿಪೇರಿಯವರಿಗೆ ಮೂರು ಮಾತು ಮೊದಲೇ ಹೇಳಿ. ಅಂಚು ಉಜ್ಜುವಾಗ ವೆಲ್ಟ್ ಸವೆಯಬಾರದು. ಹೊಲಿಗೆ ಆದಷ್ಟೂ ಹಳೆಯ ತೂತುಗಳಲ್ಲೇ ಬರಬೇಕು, ಪಕ್ಕದಲ್ಲೇ ಹೊಸ ತೂತು ಹೊಡೆದರೆ ವೆಲ್ಟ್ ಅಂಚೆಚೀಟಿಯಂತೆ ಹರಿಯುತ್ತದೆ. ಮುಂಗಾಲಿಗೆ ಮೊಳೆ ಹೊಡೆಯಬಾರದು. ಹಿಮ್ಮಡಿಯ ಕೆಳಗಿನ ರಬ್ಬರ್ ತುಂಡನ್ನು ಮಾತ್ರ ಮೂಲೆಯಂಗಡಿಯಲ್ಲೂ ಬದಲಿಸಬಹುದು, ತೊಗಲಿನ ಪದರ ಸವೆಯುವ ಮೊದಲು.

ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಏನು ಮಾಡಲಿ?

ಮೊದಲನೆಯದಾಗಿ, ಮಳೆಗಾಲಕ್ಕೆ ತೊಗಲಿನ ಅಟ್ಟೆ ಬೇಡ. ನೆನೆದ ತೊಗಲು ಬೇಗ ಸವೆಯುತ್ತದೆ, ಗ್ರಾನೈಟ್ ನೆಲದ ಮೇಲೆ ಜಾರುತ್ತದೆ. ಮಾರ್ಕೆಟ್ ಹಾರ್ಬರೋದಲ್ಲಿ ತಯಾರಾಗುವ ಡೈನೈಟ್ ಎಂಬ ಗುಬುಟಿನ ರಬ್ಬರ್ ಅಟ್ಟೆ ಬಹುತೇಕ ಈ ಎಲ್ಲ ಮನೆಗಳ ಶೂಗೂ ಸಿಗುತ್ತದೆ.

ನೆನೆದ ಶೂಗೆ ಹಳೆ ಪೇಪರ್ ತುರುಕಿ, ಅಟ್ಟೆಗೆ ಗಾಳಿ ಆಡುವಂತೆ ಪಕ್ಕಕ್ಕೆ ಮಲಗಿಸಿ ನೆರಳಲ್ಲಿ ಒಣಗಿಸಿ. ಒಂದೆರಡು ತಾಸಿಗೊಮ್ಮೆ ಪೇಪರ್ ಬದಲಿಸಿ. ಬಿಸಿಲು, ಹೇರ್ ಡ್ರೈಯರ್, ಫ್ರಿಜ್ಜಿನ ಹಿಂಬದಿ ಯಾವುದೂ ಬೇಡ. ಒದ್ದೆ ತೊಗಲು ಬಿಸಿಗೆ ಸೆಟೆದು ಬಿರಿಯುತ್ತದೆ, ಆ ಬಿರುಕಿಗೆ ಮದ್ದಿಲ್ಲ. ಒಣಗಿದ ಮೇಲೆ ಬಣ್ಣವಿಲ್ಲದ ಕ್ರೀಮ್ ತೆಳುವಾಗಿ ಹಚ್ಚಿ, ಮರದ ಶೂ ಟ್ರೀ (ಆಕಾರ ಕೆಡದಂತೆ ಶೂ ಒಳಗಿಡುವ ಅಚ್ಚು) ಹಾಕಿ. ಒಂದು ದಿನ ಹಾಕಿದ ಜೊತೆಗೆ ಮರುದಿನ ಬಿಡುವು ಕೊಡಿ.

ಬೂಷ್ಟು ಬಂದೇ ಬಿಟ್ಟಿದ್ದರೆ ಶೂ ಅನ್ನು ಮನೆಯ ಹೊರಗೆ ಒಯ್ದು ಒಣಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಬಿಸಾಡಿ. ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಬಟ್ಟೆ ಹಿಂಡಿ ಒಳಗೂ ಹೊರಗೂ ಒರೆಸಿ. ಬಣ್ಣ ಬಿಡುತ್ತದೋ ಎಂದು ಮೊದಲು ನಾಲಿಗೆಯ ಒಳಬದಿಯಲ್ಲಿ ನೋಡಿಕೊಳ್ಳಿ. ವೆಲ್ಟಿನ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬೇಕಾಗುತ್ತದೆ, ಬೂಷ್ಟು ಮರಳಿ ಏಳುವುದು ಅಲ್ಲಿಂದಲೇ. ಎರಡು ದಿನ ನೆರಳಿನ ಗಾಳಿಗಿಟ್ಟು ಆಮೇಲೆ ಕ್ರೀಮ್ ಹಚ್ಚಿ. ಡಬ್ಬದಲ್ಲಿ ಮುಚ್ಚಿಡುವ ಬದಲು ಬಟ್ಟೆಯ ಚೀಲದಲ್ಲಿಡಿ, ಪ್ಲಾಸ್ಟಿಕ್ ಕವರಂತೂ ಬೇಡವೇ ಬೇಡ.